ಐವರ್ನಾಡು ಲೈನಿನ ಮೂರನೆಯ ಬೆಳಕು

ದರ್ಬೆಯಲ್ಲಿ ಹೈದರನ ಚಹಾದಂಗಡಿಯೊಳಗೆ ಸರ್ವೋತ್ತಮ ರೈಗಳು ಕುಳಿತಿದ್ದಾರೆಂದರೆ ರಸ್ತೆಯ ಆಚೆ ಬದಿಗೂ ಗೊತ್ತಾಗುತ್ತಿತ್ತು. ಅಷ್ಟು ಮಾತು, ಅಷ್ಟು ನಗು. ಅದೇ ಮನುಷ್ಯ ಪುತ್ತೂರಿನ ಹೊರಗಿದ್ದ ವಿದ್ಯುತ್ ಉಪಕೇಂದ್ರದ ಪ್ಯಾನೆಲ್ ಕೋಣೆಗೆ ಕಾಲಿಟ್ಟರೆ ಬೇರೆಯೇ ಆಗಿಬಿಡುತ್ತಿದ್ದರು. ಅಲ್ಲಿ ಅವರು ಆಪರೇಟರ್. ಬಾಯಿಗೆ ರಜೆ, ಕಿವಿಗೆ ಕೆಲಸ. ಗೋಡೆಯುದ್ದಕ್ಕೂ ಕಬ್ಬಿಣದ ಕಪಾಟುಗಳು, ಅವುಗಳಲ್ಲಿ ಮುಳ್ಳಿನ ಮೀಟರುಗಳು, ಗಾಜಿನ ಮುಚ್ಚಳದ ರಿಲೇಗಳು. ಎಲ್ಲೋ ದೂರದಲ್ಲಿ ಮರದ ಗೆಲ್ಲು ಮುರಿದು ತಂತಿಯ ಮೇಲೆ ಬಿದ್ದರೆ ಇಲ್ಲಿ ಗಾಜಿನೊಳಗಿನ ಅಲ್ಯೂಮಿನಿಯಂ ತಟ್ಟೆ ಗಿರ್ರೆಂದು ತಿರುಗುವುದು, ಕೆಂಪು ಬಿಲ್ಲೆಯೊಂದು ಟಪ್ಪೆಂದು ಇಳಿಯುವುದು, ಹೊರಗೆ ಅಂಗಳದಲ್ಲಿ ಬ್ರೇಕರ್ ಧಡ್ ಎಂದು ಬಿಟ್ಟುಕೊಳ್ಳುವುದು. ಆ ಲೈನಿನ ಊರುಗಳಿಗೆಲ್ಲ ಕರೆಂಟು ಹೋಯಿತು.

ಆಮೇಲಿನದು ಆಪರೇಟರನ ಕೈ. ಬಿದ್ದ ಗೆಲ್ಲು ತಾನಾಗಿ ಜಾರಿ ನೆಲಕ್ಕೆ ಸೇರಿರಲೂಬಹುದು. ಹಾಗಾಗಿ ಸ್ವಲ್ಪ ತಡೆದು, ಹ್ಯಾಂಡಲ್ ತಿರುಗಿಸಿ, ಕರೆಂಟು ಕೊಟ್ಟು ನೋಡುವುದು. ನಿಂತರೆ ನಿಂತಿತು. ನಿಲ್ಲದಿದ್ದರೆ ಒಂದು ವೀಳ್ಯ ಜಗಿದು ಮುಗಿಸುವಷ್ಟು ಹೊತ್ತು ಕಾದು ಇನ್ನೊಮ್ಮೆ. ಅದೂ ನಿಲ್ಲದಿದ್ದರೆ ತಂತಿಯೇ ಕಡಿದು ಬಿದ್ದಿದೆ ಎಂದು ತಿಳಿದು, ಲೈನನ್ನು ಹಾಗೆಯೇ ಬಿಟ್ಟು, ಲೈನ್‌ಮ್ಯಾನ್‌ಗೆ ಹೇಳಿ ಕಳುಹಿಸುವುದು. ಮೂರನೆಯ ಸಲ ರೈಗಳು ಹ್ಯಾಂಡಲ್ ಮುಟ್ಟುತ್ತಿರಲಿಲ್ಲ. ಅದು ಅವರ ಕ್ರಮ.

ಈ ಕ್ರಮ ಪ್ಯಾನೆಲ್ ಕೋಣೆಯೊಳಗೇ ಉಳಿದಿದ್ದರೆ ಮುಂದಿನ ಯಾವುದೂ ನಡೆಯುತ್ತಿರಲಿಲ್ಲ. ಆದರೆ ಅವರ ಹೆಂಡತಿ ಕಮಲಾವತಿಯ ತವರು ಐವರ್ನಾಡು. ಆ ಕಡೆಗೆ ಹೋಗುವ ಉದ್ದದ ಲೈನು ಇದೇ ಉಪಕೇಂದ್ರದಿಂದ ಹೊರಡುತ್ತಿತ್ತು. ಎಪ್ಪತ್ತನಾಲ್ಕರ ಮಳೆಗಾಲದಲ್ಲಿ ಅಲ್ಲಿ ತಂತಿ ಕಡಿದು ಶಾಲೆಗೆ ಹೋಗುವ ದಾರಿಗೆ ಬಿತ್ತು. ಕಮಲಾವತಿಯ ಅಣ್ಣ ತ್ಯಾಂಪಣ್ಣನ ಹಾಲು ಕರೆಯುವ ದನ ಅದನ್ನು ತುಳಿದು ಸತ್ತಿತು. ಹೊಳೆ ತುಂಬಿದ್ದರಿಂದ ಲೈನ್‌ಮ್ಯಾನ್ ಬರುವಾಗ ಎರಡು ದಿನ ಕಳೆದಿತ್ತು. ಅಷ್ಟು ಹೊತ್ತೂ ಊರಿನವರು ತಂತಿಯ ಈಚೆಗೊಬ್ಬರು ಆಚೆಗೊಬ್ಬರು ನಿಂತು ನೋಡಿದ್ದೇ ಬಂತು.

ಮಾತನಾಡಿಸಿಕೊಂಡು ಬರಲು ಹೋದ ರೈಗಳನ್ನು ಜಗಲಿಯಲ್ಲಿ ಕೂರಿಸಿ ತ್ಯಾಂಪಣ್ಣ ಕೇಳಿದ, "ತಂತಿಯಲ್ಲಿ ಕರೆಂಟು ಉಂಟೋ ಇಲ್ವೋ ಅಂತ ನಮಗೆ ಗೊತ್ತಾಗುದು ಹೇಗೆ ಭಾವ? ನೆಕ್ಕಿ ನೋಡ್ಲಿಕ್ಕೆ ಆಗ್ತದಾ?"

ಬಿದ್ದ ತಂತಿಯನ್ನು ಊರವರು ಯಾವ ಕಾಲಕ್ಕೂ ಮುಟ್ಟಬಾರದು ಎಂಬುದು ವಿದ್ಯುತ್ ಮಂಡಳಿಯ ನಿಯಮ. ರೈಗಳಿಗೆ ಅದು ಗೊತ್ತಿತ್ತು. ಆದರೆ ಎದುರಿಗೆ ಹಟ್ಟಿಯಲ್ಲಿ ತಾಯಿಯಿಲ್ಲದ ಕರು ಕೂಗುತ್ತಿತ್ತು. ಅವರ ಬಾಯಿಂದ ಬಂದದ್ದು ಬೇರೆ ಮಾತು. "ಮನೆಯ ಬಲ್ಬು ನೋಡು. ಎರಡು ಸಲ ಹತ್ತಿ ನಂದಿದ್ರೆ ಮತ್ತೆ ನಾನು ಕೊಡುದಿಲ್ಲ."

ಆ ಮಾತು ಲೈನಿನ ಕೊನೆಯ ಮನೆಯವರೆಗೆ ಹೋಯಿತು. ಗಾಳಿಮಳೆಗೆ ಕರೆಂಟು ಹೋದರೆ ಹೆಂಗಸರು ಮಕ್ಕಳು ಬಲ್ಬು ನೋಡುತ್ತ ಕೂರತೊಡಗಿದರು. ಒಮ್ಮೆ ಮಿಂಚಿ ಹೋಯಿತು, ಇನ್ನೊಮ್ಮೆ ಮಿಂಚಿ ಹೋಯಿತು. "ರೈಗಳು ಕೈಬಿಟ್ಟರು" ಎಂದು ಯಾರಾದರೂ ಹೇಳುವುದು, ಗಂಡಸರು ಒಣ ಬಿದಿರು ಹಿಡಿದು ಹೋಗಿ ತಂತಿಯನ್ನು ದಾರಿಯ ಬದಿಗೆ ಎಳೆದು ಹಾಕುವುದು. ಉಳಿದ ಪಾಳಿಯ ಆಪರೇಟರುಗಳೂ ರೈಗಳ ಕ್ರಮವನ್ನೇ ಹಿಡಿದರು. ಹನ್ನೆರಡು ವರ್ಷ ಯಾರಿಗೂ ಏನೂ ಆಗಲಿಲ್ಲ. ನೆಂಟರ ಮನೆಯಲ್ಲಿ ಊಟಕ್ಕೆ ಕುಳಿತಾಗ ಇದನ್ನು ಯಾರಾದರೂ ಎತ್ತಿದರೆ ರೈಗಳು ಎಲೆಯ ಮೇಲೆ ಬಗ್ಗಿ ಸಾರು ಕಲಸುತ್ತಿದ್ದರು. ಖುಷಿಯಾಗಿದೆ ಎಂದು ಕಿವಿಯ ಬಣ್ಣದಲ್ಲಿ ಗೊತ್ತಾಗುತ್ತಿತ್ತು.

ಎಂಬತ್ತಾರರ ಬೇಸಿಗೆಯಲ್ಲಿ ಹೊಸ ರಿಲೇ ಬಂತು. ಅದನ್ನು ಕೂರಿಸಲು ಬಂದವರು ಮನೋರಮಾ ಎಂಬ ಎಂಜಿನಿಯರ್. ರಿಲೇ ಪರೀಕ್ಷಿಸುವ ವಿಭಾಗದವರು, ಮೂವತ್ತು ದಾಟಿರಲಿಲ್ಲ. ಬೂದು ಬಣ್ಣದ ಪೆಟ್ಟಿಗೆ. ಒಳಗೆ ತಟ್ಟೆಯಿಲ್ಲ, ಬಿಲ್ಲೆಯಿಲ್ಲ, ತಿರುಗುವಂಥದ್ದು ಒಂದೂ ಇಲ್ಲ. ಹಸಿರು ಹಲಗೆಯ ಮೇಲೆ ಜೇಡದಂತಹ ಕಪ್ಪು ಚಿಪ್ಪುಗಳು, ಮುಖದಲ್ಲಿ ನಾಲ್ಕಾರು ಕೆಂಪು ದೀಪ. ತಂತಿಗೆ ಪೆಟ್ಟಾದರೆ ಕಣ್ಣು ಮಿಟುಕಿಸುವುದರೊಳಗೆ ಇದು ಬ್ರೇಕರನ್ನು ಬಿಡಿಸುತ್ತದೆ, ತಾನೇ ಕಾಯುತ್ತದೆ, ತಾನೇ ಮತ್ತೆ ಹಾಕುತ್ತದೆ, ನಿಲ್ಲದಿದ್ದರೆ ಬೀಗ ಹಾಕಿಕೊಂಡು ಸುಮ್ಮನಾಗುತ್ತದೆ ಎಂದು ಮನೋರಮಾ ವಿವರಿಸಿದರು. ತಂತಿಯಲ್ಲಿ ಬೆಂಕಿ ಉರಿಯುವ ಹೊತ್ತು ಕಡಿಮೆಯಾದಷ್ಟೂ ತಂತಿ ಕಡಿಯುವುದೂ ಕಡಿಮೆ ಎಂದರು. ರೈಗಳಿಗೆ ಅದು ಹಿಡಿಸಿತು. ಇನ್ನು ಆಪರೇಟರಿಗೆ ವೀಳ್ಯ ಜಗಿಯುವುದೊಂದೇ ಕೆಲಸ ಎಂದು ನಕ್ಕರು ಕೂಡ.

ಮೇ ತಿಂಗಳ ಒಂದು ಸಂಜೆ ಗುಡುಗು ಬಂತು. ಐವರ್ನಾಡು ಲೈನಿನ ಕರೆಂಟು ಹೋಯಿತು. ರೈಗಳು ಕುರ್ಚಿಯಿಂದ ಏಳದೆ ನೋಡಿದರು. ಪೆಟ್ಟಿಗೆ ಒಮ್ಮೆ ಹಾಕಿತು, ಬಿಟ್ಟಿತು. ಕಾದು ಇನ್ನೊಮ್ಮೆ ಹಾಕಿತು, ಬಿಟ್ಟಿತು. ಅವರು ಅಭ್ಯಾಸಬಲದಿಂದ ಎದ್ದು ಟೆಲಿಫೋನಿನ ಕಡೆಗೆ ಹೊರಟರು. ಬೆನ್ನ ಹಿಂದೆ, ಸಾಕಷ್ಟು ಹೊತ್ತು ಬಿಟ್ಟು, ಬ್ರೇಕರ್ ಮೂರನೆಯ ಸಲ ಹಾಕಿಕೊಂಡು ಧಡ್ ಎಂದಿತು.

ರೈಗಳ ಕಾಲು ಅಲ್ಲೇ ನಿಂತಿತು. ಅಷ್ಟು ಹೊತ್ತಿನಲ್ಲಿ ತ್ಯಾಂಪಣ್ಣ ಬಿದಿರು ಹಿಡಿದು ಅಂಗಳ ದಾಟಿರುತ್ತಾನೆ. ತಂತಿ ಕಡಿದಿರಲಿಲ್ಲ, ಅಡಿಕೆ ಸೋಗೆಯೊಂದು ಸಿಕ್ಕಿಕೊಂಡಿತ್ತು ಎಂದು ಆಮೇಲೆ ತಿಳಿಯಿತು. ಆದರೆ ಅದು ತಿಳಿಯುವ ಮೊದಲೇ ಅವರು ಪೆಟ್ಟಿಗೆಯ ಸ್ವಿಚ್ಚನ್ನು ತಿರುಗಿಸಿ ಕೆಲಸವನ್ನು ಮತ್ತೆ ತಮ್ಮ ಕೈಗೆ ತೆಗೆದುಕೊಂಡಿದ್ದರು.

ಮಾರನೆಯ ದಿನ ಮನೋರಮಾ ಬಂದರು. ಹೊಸ ಯಂತ್ರವನ್ನು ಯಾರನ್ನೂ ಕೇಳದೆ ನಿಲ್ಲಿಸಿದ್ದು ಏಕೆಂದು ಕೇಳಿದರು, ಕೋಪವಿಲ್ಲದೆ. ರೈಗಳು ದನದಿಂದ ಹಿಡಿದು ಎಲ್ಲ ಹೇಳಿದರು. ತಂತಿ ಮುಟ್ಟಬಾರದೆಂಬ ನಿಯಮವನ್ನು ಮನೋರಮಾ ನೆನಪಿಸಿದಾಗ, "ನಿಯಮ ನನಗೂ ಗೊತ್ತುಂಟು ಮೇಡಂ. ಅವರಿಗೆ ಗೊತ್ತಿರುದು ನಾನು ಹೇಳಿದ್ದು ಮಾತ್ರ" ಎಂದರು.

ಮನೋರಮಾ ಪೆಟ್ಟಿಗೆ ತೆರೆದು ಹಲಗೆಯನ್ನು ಹೊರಗೆಳೆದರು. ಅಂಚಿನಲ್ಲಿ ಅಕ್ಕಿಕಾಳಿನಂತಹ ಸ್ವಿಚ್ಚುಗಳಿದ್ದವು. ಒಂದನ್ನು ಉಗುರಿನಿಂದ ಸರಿಸಿ, ಇನ್ನು ಇದು ಎರಡೇ ಸಲ ಹಾಕುತ್ತದೆ ಎಂದರು. ರೈಗಳು ಉಸಿರು ಬಿಟ್ಟರು. ಆದರೆ ಮಾತು ಮುಗಿದಿರಲಿಲ್ಲ.

"ಇದು ಮಳೆ ಹಿಡಿಯುವವರೆಗೆ ಮಾತ್ರ ಸರ್ವೋತ್ತಮಣ್ಣ. ನನಗೆ ವರ್ಗ ಆಗ್ತದೆ. ನಿಮಗೆ ರಿಟೈರ್ ಆಗ್ತದೆ. ಆಮೇಲೆ ಬಂದವರು ಯಾರೋ ಇದನ್ನು ಮೂರು ಮಾಡಿದ್ರೆ? ಒಂದು ಊರಿನ ಜೀವ ಇಷ್ಟು ಸಣ್ಣ ಸ್ವಿಚ್ಚಿನಲ್ಲಿ ಇರ್ಬಾರ್ದು."

ರೈಗಳು ಆ ಸ್ವಿಚ್ಚನ್ನೇ ನೋಡುತ್ತ ಕುಳಿತರು. ಹನ್ನೆರಡು ವರ್ಷ ಆ ಜೀವ ತಮ್ಮ ಕೈಯಲ್ಲಿತ್ತು, ಕೈ ಎಂದರೂ ಅಷ್ಟೇ ಸಣ್ಣದು ಎಂದು ಅವರಿಗೆ ಅನಿಸಿರಬೇಕು. ಆಡಿದ ಮಾತನ್ನು ಮಳೆಗೆ ಮೊದಲು ವಾಪಸು ತೆಗೆದುಕೊಳ್ಳುವುದು ಎಂದು ನಿಶ್ಚಯವಾಯಿತು.

ರಜೆಯ ದಿನಗಳಲ್ಲಿ ರೈಗಳು ಐವರ್ನಾಡಿನ ಗುಡ್ಡ ಹತ್ತಿ ಇಳಿದರು. ಮನೆಮನೆಯವರೂ ಕುಡಿಯಲು ಬೆಲ್ಲ ನೀರು ಕೊಟ್ಟರು, ಬಲ್ಬು ನಂಬಬೇಡಿ ಎಂದದ್ದನ್ನು ಕೇಳಿ ತಲೆಯಾಡಿಸಿದರು, ಒಬ್ಬರೂ ನಂಬಲಿಲ್ಲ. ಹೊಸ ಪೆಟ್ಟಿಗೆಯ ಮೇಲೆ ರೈಗಳಿಗೆ ಹೊಟ್ಟೆಕಿಚ್ಚು ಎಂದು ಹಿಂದಿನಿಂದ ನಕ್ಕರು. ತ್ಯಾಂಪಣ್ಣ ಮುಖದ ಮೇಲೆಯೇ ನಕ್ಕ. "ನಿಮ್ಮ ಮಾತು ಇಷ್ಟು ವರ್ಷ ಒಂದು ಸಲವೂ ತಪ್ಪಲಿಲ್ಲ ಭಾವ. ಈಗ ನೀವೇ ಬಂದು ನನ್ನನ್ನು ನಂಬಬೇಡ ಅಂದ್ರೆ ನಾನು ಯಾವ ಭಾವನನ್ನು ನಂಬುದು?"

ಕೊನೆಗೆ ರೈಗಳಿಗೆ ಹೊಳೆದದ್ದು, ಹೇಳಿ ಕಲಿಸಿದ್ದನ್ನು ತೋರಿಸಿಯೇ ಮರೆಸಬೇಕು ಎಂದು. ಮನೋರಮಾ ಒಪ್ಪಿದರು. ಜೂನ್ ಮೊದಲ ವಾರ, ಮಳೆ ಇನ್ನೂ ಹಿಡಿದಿರಲಿಲ್ಲ. ತ್ಯಾಂಪಣ್ಣನ ಅಂಗಳದಲ್ಲಿ ಊರಿನವರು ಸೇರಿದರು. ಆ ಭಾಗದ ಲೈನ್‌ಮ್ಯಾನ್ ಅಬೂಬಕರ್ ಕೂಡ ಬಂದಿದ್ದ. ತಂತಿ ಕಂಬದ ಮೇಲೆ ಕ್ಷೇಮವಾಗಿತ್ತು. ಹೇಳಿದ ಹೊತ್ತಿಗೆ ಮನೋರಮಾ ಉಪಕೇಂದ್ರದಲ್ಲಿ ನಿಂತು, ಪೆಟ್ಟಿಗೆ ಮಾಡುವ ಹಾಗೆಯೇ ಕರೆಂಟು ತೆಗೆದು ಕೊಡುವುದು, ಇಲ್ಲಿ ಎಲ್ಲರೂ ಜಗಲಿಯ ಬಲ್ಬು ನೋಡುವುದು. ಮೂರು ಸಲ ಎಂದು ರೈಗಳು ಮೊದಲೇ ಹೇಳಿದ್ದರು.

ಬಲ್ಬು ನಂದಿತು. ಸ್ವಲ್ಪ ಹೊತ್ತಿಗೆ ಮಿಂಚಿ ನಂದಿತು.

ಇಪ್ಪತ್ತಾರು ವರ್ಷ ಹ್ಯಾಂಡಲ್ ತಿರುಗಿಸಿದ ರೈಗಳು ಅದನ್ನು ಈ ತುದಿಯಿಂದ ನೋಡಿದ್ದು ಅದೇ ಮೊದಲು. ಧಡ್ ಎಂಬ ಸದ್ದಿಲ್ಲ, ಮುಳ್ಳು ಜಿಗಿಯುವುದಿಲ್ಲ. ಗಾಜಿನ ಬುರುಡೆಯೊಂದು ಸದ್ದಿಲ್ಲದೆ ಬೆಳಗಿ ಹೋಗುತ್ತದೆ, ಅಷ್ಟೇ. ಇಷ್ಟನ್ನೇ ನೋಡಿಕೊಂಡು ಇವರು ತಮ್ಮನ್ನು ನಂಬಿದ್ದರು.

ಎರಡನೆಯ ಸಲ ಮಿಂಚಿ ನಂದಿತು. ಅಂಗಳದ ಬಿಗಿ ತಾನಾಗಿ ಸಡಿಲಿತು. ಹೆಂಗಸರು ಒಳಗೆ ತಿರುಗಿದರು, ಯಾರೋ ಕೆಮ್ಮಿದರು. ಮಳೆಯ ಮಾತು, ಗೊಬ್ಬರದ ಮಾತು ಶುರುವಾಯಿತು. ತ್ಯಾಂಪಣ್ಣ ಎದ್ದು ಪಂಚೆ ಮೇಲಕ್ಕೆ ಕಟ್ಟಿದ. ಅವನ ಕೈ ತಾನಾಗಿಯೇ ಗೋಡೆಗೆ ಒರಗಿಸಿದ್ದ ಬಿದಿರಿಗೆ ಹೋಯಿತು. ಬಿದಿರು ಹಿಡಿದು ಮೆಟ್ಟಿಲು ಇಳಿದು ನಾಲ್ಕು ಹೆಜ್ಜೆ ನಡೆದಿದ್ದ.

ಬಲ್ಬು ಹತ್ತಿತು.

ತ್ಯಾಂಪಣ್ಣ ತಿರುಗಿ ಬಲ್ಬು ನೋಡಿದ, ಕೈಯ ಬಿದಿರು ನೋಡಿದ. ಬಂದು ಅದನ್ನು ಗೋಡೆಗೆ ಒರಗಿಸಿ ರೈಗಳ ಪಕ್ಕದಲ್ಲಿ ಕುಳಿತ. "ನಾನು ಹೊರಟದ್ದು ನನಗೇ ಗೊತ್ತಾಗ್ಲಿಲ್ಲ ಭಾವ" ಎಂದ. ಮತ್ತೆ ಕೇಳಿದ, "ಹಾಗಾದ್ರೆ ಇನ್ನು ಎಷ್ಟು ಸಲ ಅಂತ ಎಣಿಸುದು?"

"ಎಣಿಸುದೇ ಬೇಡ."

"ಲೈನ್‌ಮ್ಯಾನ್ ಬರುವಾಗ ನಾಡಿದ್ದು ಆಗ್ತದೆ. ಅಷ್ಟರವರೆಗೆ ದನ, ಮಕ್ಕಳು?"

ಅದಕ್ಕೆ ಉತ್ತರ ಕೊಟ್ಟವನು ಅಬೂಬಕರ್. ಆ ಊರಿನಲ್ಲಿ ಯಾರೂ ಕೈ ಹಾಕಬಾರದು ಎನ್ನಲು ಸೊಪ್ಪಿನ ಸೂಡಿ ಕಟ್ಟುವ ರೂಢಿ ಮೊದಲಿನಿಂದ ಇತ್ತು. ಬೆಳೆದ ತೆಂಗಿಗೆ, ತಕರಾರಿನ ಗಡಿಗೆ. ಕಟ್ಟಿದವರೇ ಬಿಚ್ಚುವವರೆಗೆ ಅದನ್ನು ಮೀರುವವರಿಲ್ಲ. ತಂತಿ ಬಿದ್ದಲ್ಲಿ ಎರಡೂ ಬದಿಗೆ, ದೂರದಲ್ಲೇ, ಸೊಪ್ಪು ಕಟ್ಟಿ ಎಂದ ಅಬೂಬಕರ್. ತಾನು ಬಂದು, ಕರೆಂಟು ಉಳಿಯದ ಹಾಗೆ ತಂತಿಗೆ ಸರಪಳಿ ಕಟ್ಟಿ ನೆಲಕ್ಕೆ ತಾಗಿಸಿ, ತನ್ನ ಕೈಯಿಂದಲೇ ಸೊಪ್ಪು ಬಿಚ್ಚುತ್ತೇನೆ ಎಂದ. "ಹೊಳೆ ತುಂಬಿದ್ರೆ ಸುತ್ತು ಬಳಸಿ ಬರ್ತೇನೆ ಮಾರಾಯ್ರೆ. ನಾನು ಬಿಚ್ಚದೆ ಯಾರೂ ದಾಟ್ಬೇಡಿ."

ಆ ಮಳೆಗಾಲ ಪೆಟ್ಟಿಗೆಗೆ ಮೂರು ಸಲದ ಅಧಿಕಾರ ವಾಪಸು ಬಂತು. ಮೊದಲ ಸಲ ಅದು ಮೂರನ್ನೂ ಮುಗಿಸಿ ಬೀಗ ಹಾಕಿಕೊಂಡಾಗ ರೈಗಳು ಟೆಲಿಫೋನಿನ ಪಕ್ಕ ವೀಳ್ಯವನ್ನೂ ಹಾಕದೆ ಕುಳಿತಿದ್ದರು. ಮಧ್ಯಾಹ್ನದ ಹೊತ್ತಿಗೆ ಅಬೂಬಕರನ ಫೋನು ಬಂತು. ಸೊಪ್ಪು ಕಟ್ಟಿದ್ದಾರೆ, ಎರಡೂ ಬದಿಗೆ ಜನ ನಿಂತಿದ್ದಾರೆ, ತ್ಯಾಂಪಣ್ಣ ಎಲ್ಲರನ್ನೂ ಬೈಯುತ್ತಿದ್ದಾರೆ ಎಂದ. ರೈಗಳು ಫೋನಿಟ್ಟು ಹೊರಗೆ ಹೋಗಿ ಮಳೆಯಲ್ಲಿ ಸ್ವಲ್ಪ ಹೊತ್ತು ನಿಂತು ಬಂದರು.

ಎಂಬತ್ತೆಂಟರಲ್ಲಿ ನಿವೃತ್ತರಾದರು. ಮರುವರ್ಷದ ಜುಲೈಯಲ್ಲಿ, ಹೈದರನ ಅಂಗಡಿಯಿಂದ ಮನೆಗೆ ಬಂದು ಚಪ್ಪಲಿ ಬಿಡುವಾಗ ಕುಸಿದರು. ಆಸ್ಪತ್ರೆಯವರೆಗೂ ಹೋಗಲಾಗಲಿಲ್ಲ.

ಉತ್ತರಕ್ರಿಯೆಯ, ಬೊಜ್ಜದ ದಿನ ದರ್ಬೆಯ ಮನೆಯಲ್ಲಿ ಕ್ರಿಯೆ ಮುಗಿಯಿತು, ಊಟವೂ ಮುಗಿಯುತ್ತ ಬಂತು. ಐವರ್ನಾಡಿನಿಂದ ಒಬ್ಬರೂ ಬಂದಿರಲಿಲ್ಲ. ಸ್ವಂತ ಭಾವನೇ ಇಲ್ಲ ಎಂದು ಪಂಕ್ತಿಯಲ್ಲಿ ಗುಸುಗುಸು ಎದ್ದಿತು. ಕಮಲಾವತಿ ಅನ್ನದ ಕಡಾಯಿ ತೊಳೆಯಲು ಬಿಡಲಿಲ್ಲ, ಅಷ್ಟೇ.

ಎಲೆಗಳನ್ನು ಎತ್ತಿದ ಮೇಲೆ ಐವರ್ನಾಡಿನವರು ಬಂದರು. ಜೀಪಿನ ತುಂಬ ಜನ, ಎಲ್ಲರೂ ನೆನೆದಿದ್ದರು. ಬೆಳಿಗ್ಗೆ ಊರಿನ ದಾರಿಗೆ ತಂತಿ ಬಿದ್ದಿತ್ತು. ಕರೆಂಟು ಯಾವಾಗಲೋ ಹೋಗಿತ್ತು, ಎಲ್ಲರಿಗೂ ಗೊತ್ತಿತ್ತು. ಸೊಪ್ಪು ಕಟ್ಟಿಯಾಗಿತ್ತು. ಅಬೂಬಕರ್ ಗುಂಡ್ಯದ ಕಡೆ ಕೆಲಸಕ್ಕೆ ಹೋದವನು ಬಂದು ಬಿಚ್ಚುವಾಗ ಹೊತ್ತು ನೆತ್ತಿಗೇರಿತ್ತು. ತ್ಯಾಂಪಣ್ಣ ತಂಗಿಯ ಎದುರು ನಿಂತು, ದಾಟಬಹುದಿತ್ತು, ದಾಟಲಿಲ್ಲ ಎಂದಷ್ಟೇ ಹೇಳಿದ.

"ದಾಟಿ ಬಂದಿದ್ರೆ ಅವರು ನಿಮಗೆ ಅನ್ನ ಹಾಕ್ಲಿಕ್ಕೆ ಬಿಡ್ತಿರ್ಲಿಲ್ಲ ಅಣ್ಣ" ಎಂದರು ಕಮಲಾವತಿ. ಮತ್ತೆ ಎಲೆ ಹಾಕಲು ಒಳಗೆ ಹೋದರು.