ತಲೆಕೆಳಗಾದ ಕೊಡೆ

ಬಿಸಿಲಿರಲಿ ಮಳೆಯಿರಲಿ, ಕೀಟತಜ್ಞೆ ಬುರುಲ್ ಕೊಡೆಯನ್ನು ತಲೆಕೆಳಗಾಗಿಯೇ ಬಿಚ್ಚುವವಳು. ಅಕ್ರೋಟಿನ ಕಾಡಿನಲ್ಲಿ ಗಂಡ ಝಾನಿಬೆಕ್ ಆ ಬಿಳಿ ಕೊಡೆಯನ್ನು ಕೊಂಬೆಯಡಿ ಹಿಡಿದರೆ, ಇವಳು ಕೋಲಿನಿಂದ ಬಡಿದು, ಅದರೊಳಗೆ ಉದುರಿದ, ಎಳ್ಳಿಗಿಂತ ಚಿಕ್ಕದಾದ ಬೇಟೆಗಾರ ತಿಗಣೆಗಳನ್ನು ಜಾತಿವಾರು ಬೇರ್ಪಡಿಸುತ್ತಾಳೆ. ಮದುವೆಮನೆಯಲ್ಲೂ ಮದುಮಗಳನ್ನು ಬಿಟ್ಟು ಅಂಗಳದ ಮರದ ತೊಗಟೆ ನೋಡುತ್ತ ನಿಲ್ಲುತ್ತಾಳೆ. "ಬುರುಲಕ್ಕಾ, ನನ್ ಟೋಪಿಲೂ ಒಸಿ ಹುಡುಕು!" ಎಂದು ಊರವರು ರೇಗಿಸಿದರೆ, "ತೆಗೆದು ಕೊಡು, ಹೊಸ ಜಾತಿನೇ ಇರ್ಬೋದು" ಎನ್ನುತ್ತಾಳೆ. ತಾನೇ ಕಂಡುಹಿಡಿದ, ರೆಕ್ಕೆಯಿಲ್ಲದ ಒಂದು ತಿಗಣೆ ಜಾತಿಗೆ ಅವಳು ಗಂಡನ ಹೆಸರಿಟ್ಟಿದ್ದಳು. ಚಹಾದಂಗಡಿಯಲ್ಲಿ ಅವನಿಗೆ ಅದೇ ದೊಡ್ಡ ಬಿರುದು. ಈ ಬೇಸಿಗೆಯಲ್ಲಿ ಅದು, ಹಿಂದೆಯೇ ಬೇರೆ ಹೆಸರು ಪಡೆದಿದ್ದ, ರೆಕ್ಕೆಯುಳ್ಳ ಗಂಡು ತಿಗಣೆಯೊಂದಿಗೆ ಕೂಡಿದ್ದನ್ನು ಕಂಡಳು. ಎರಡೂ ಒಂದೇ ಜಾತಿ, ಗಂಡನ ಹೆಸರಿನದು ಅದರ ಹೆಣ್ಣು. ಶಾಸ್ತ್ರದ ನಿಯಮದಂತೆ ಮೊದಲಿಟ್ಟ ಹೆಸರು ಉಳಿಯಬೇಕು, ಗಂಡನ ಹೆಸರು ಅಳಿಯಬೇಕು. "ಸುಮ್ನಿರೇ, ಯಾರಿಗೆ ಗೊತ್ತಾಗುತ್ತೆ?" ಎಂದಳು ಅವಳ ಒಡಹುಟ್ಟಿದ ಅಕ್ಕ. "ಹುಳಕ್ಕೆ ಗೊತ್ತಲ್ಲ," ಎಂದಳು ಬುರುಲ್. ಸಂಜೆ ಚಹಾ ಬಗ್ಗಿಸುತ್ತ ಗಂಡನಿಗೆ ಹೇಳಿದಳು. ಅವನು ಬಟ್ಟಲನ್ನು ಎತ್ತಿಕೊಂಡ. "ಅಂದ್ರೆ ಇಷ್ಟು ವರ್ಷ ನಾನು ಯಾರದೋ ಹೆಂಡ್ತಿಯಾಗಿದ್ದೆ ಅನ್ನು," ಎಂದ. ಮರುದಿನ ಕಾಡಿನಲ್ಲಿ, ಅವಳು ಕರೆಯುವ ಮೊದಲೇ, ಕೊಡೆ ಬಿಚ್ಚಿ ಕೊಂಬೆಯಡಿ ನಿಂತಿದ್ದ.