ಕಾಕುವಿನ ಎಡಗೈ

ಒದ್ದೆ ವಿಭೂತಿಯ ವಾಸನೆ ಬಂದರೆ ಕಾಕು ನೆನಪಾಗುತ್ತಾಳೆ. ಗಡಿಯಾಚೆಯ ಉಮರ್ಗಾದಲ್ಲಿ, ಭೂಕಂಪದ ನಂತರ ಕಟ್ಟಿದ ನಮ್ಮಿಬ್ಬರ ಮನೆಗಳ ನಡುವೆ ಒಂದೇ ಗೋಡೆ. ಪಕ್ಕದ ಮನೆಯಾಕೆಯನ್ನು ನಾನು ಅಲ್ಲಿನ ಮರಾಠಿ ರೂಢಿಯಂತೆ ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಕಾಳಿನ ವ್ಯಾಪಾರ ಮಾಡುವ ಆಕೆಯ ಗಂಡನನ್ನು ಕಾಕಾ. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ, ಸೋಮವಾರವೂ ಕಾಕು ಎಂದಿನಂತೆ ಸ್ನಾನ ಮಾಡಿ, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ಕೂತಿದ್ದಳು. ಪೂಜೆ ಮುಗಿಯದೆ ನೀರೂ ಕುಡಿಯುತ್ತಿರಲಿಲ್ಲ. ಮರುದಿನ ಎದೆಯ ಗಂಟು ತೋರಿಸಲು ಸೊಲ್ಲಾಪುರಕ್ಕೆ ಹೋದಳು...

ಕ್ಯಾನ್ಸರ್ ಎಂದು ಆಪರೇಶನ್ ಆಯಿತು. ಆಮೇಲೆ ದಿನಕ್ಕೊಂದು ಗುಳಿಗೆ, ಐದು ವರ್ಷ ತೆಗೆದುಕೊಳ್ಳಬೇಕಿತ್ತು. ಮೈಯಲ್ಲಿ ಉಳಿದ ಹೆಣ್ಣು ಹಾರ್ಮೋನನ್ನು ತಡೆಯಲು ಎಂದಿದ್ದರು ಡಾಕ್ಟರು. ಕಾಕು ನಕ್ಕಿದ್ದಳು: "ಮುಟ್ಟ ನಿಂತು ಹತ್ತ ವರ್ಷ ಆತು. ಬತ್ತಿದ ಬಾವ್ಯಾಗ ಇನ್ನೂ ನೀರ ಅದ ಅಂತಾನ ಡಾಕ್ಟರ."

ನಾಲ್ಕೈದು ತಿಂಗಳಲ್ಲಿ ಅವಳ ಬೆರಳುಗಳು ಬಿಗಿದುಕೊಂಡವು. ಬೆಳಿಗ್ಗೆ ಅಂಗೈ ಪೂರ್ತಿ ಬಿಚ್ಚುತ್ತಿರಲಿಲ್ಲ. ಲಿಂಗ ಎರಡು ಸಲ ಜಾರಿ ಬಿತ್ತು. ಅವರ ಮನೆತನದಲ್ಲಿ ಅದು ಪ್ರಾಣವೇ ಜಾರಿದಂತೆ.

ಒಂದು ದಿನ ಅವಳು ಗುಳಿಗೆಯನ್ನು ಪಟ್ಟಿಯಿಂದ ಬಿಡಿಸಿ ಮೋರಿಗೆ ಹಾಕುವುದನ್ನು ಕಂಡೆ. "ನಿಮ್ಮ ಕಾಕಾಗ ಹೇಳಬ್ಯಾಡ," ಎಂದಳು. "ಈ ಗುಳಿಗಿಯಿಂದನ ಬೆರಳ ಬಿಗದಾವ. ಕೈಯಾಗ ಲಿಂಗ ನಿಲ್ಲಲಿಲ್ಲಂದ್ರ ಬದುಕಿ ಏನ ಮಾಡ್ಲಿ?"

ನಾನು ಹೇಳಲಿಲ್ಲ. ಖಾಲಿ ಪಟ್ಟಿ ನೋಡಿ ಕಾಕಾ ನಿಶ್ಚಿಂತರಾಗಿರುತ್ತಿದ್ದರು. ಎರಡು ತಿಂಗಳಲ್ಲಿ ಬೆರಳು ಸಡಿಲವಾದವು. ಗೋಡೆಯಾಚೆ ಮತ್ತೆ ರೊಟ್ಟಿ ಬಡಿಯುವ ಸದ್ದು ಕೇಳಿದಾಗ ನಾನೂ ಖುಷಿಪಟ್ಟೆ...

ಮೂರನೆಯ ವರ್ಷ ಬೆನ್ನು ನೋವು ಶುರುವಾಯಿತು. ರೋಗ ಎಲುಬಿಗೆ ಇಳಿದಿತ್ತು. ಸೊಲ್ಲಾಪುರಕ್ಕೆ ನಾನೂ ಜೊತೆಗೆ ಹೋಗಿದ್ದೆ. ಗುಳಿಗೆ ಸರಿಯಾಗಿ ತಗೊಂಡರೇ ಎಂದು ಡಾಕ್ಟರು ಕೇಳಿದರು. ಒಂದು ದಿನವೂ ತಪ್ಪಿಸಿಲ್ಲ ಎಂದರು ಕಾಕಾ. ಕೀಲು ನೋವೇನಾದರೂ ಇತ್ತೇ, ಹಾಗೆ ತ್ರಾಸಾದವರಿಗೆ ಬೇರೆ ಗುಳಿಗೆ ಕೊಡುತ್ತೇವೆ ಎಂದರು ಡಾಕ್ಟರು. ಕಾಕು ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ವಾಪಸು ಬರುವಾಗ ಕಾಕಾ ಬಸ್ಸಿನ ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು. ಯೆಣೆಗೂರ ದಾಟಿದ ಮೇಲೆ ಕಾಕು ಮೆಲ್ಲಗೆ ಅಂದಳು: "ಬೇರೆ ಗುಳಿಗಿ ಇತ್ತಂತಲ್ಲವಾ. ನಾ ಕೇಳ್ಲೇ ಇಲ್ಲ ನೋಡು."

ಆ ಚಳಿಗಾಲ ಮುಗಿಯುವುದರೊಳಗೆ ಹೋದಳು. ಅವರ ಪದ್ಧತಿಯಂತೆ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡಿದರು.

ಈಗಲೂ ಅಂಗಡಿಗೆ ಹೋದರೆ ಕಾಕಾ ಅದನ್ನೇ ಹೇಳುತ್ತಾರೆ: "ದಿನಾ ತಪ್ಪದ ತಗೊಂಡ್ಳು. ಆಕಿ ಮೈಗಿ ಗುಳಿಗಿ ಹತ್ತಲಿಲ್ಲ." ನಾನು ತಲೆಯಾಡಿಸಿ, ಬೇಳೆ ಕಟ್ಟಿಸಿಕೊಂಡು ಬರುತ್ತೇನೆ.

ಕಾಕು ಇಲ್ಲ. ಕಾಕಾಗೆ ನಾನು ಹೇಳಬೇಕಾದ ಮಾತನ್ನು ಇನ್ನೂ ಹೇಳಿಲ್ಲ.