ನಸೀಮಾ ಕಾರಿಗೆ ಲೋಬಾನ ಹಾಕಿದ್ದು

ಸ್ವಲ್ಪ ಹತ್ತಿರ ಬನ್ನಿ, ಮೆಲ್ಲಗೆ ಹೇಳ್ತೀನಿ. ನಿಮ್ಮ ಹೊಟ್ಟೆಯಲ್ಲೇ ಇರಲಿ. ಹಾಲಿನವಳೊಬ್ಬಳನ್ನ ಬಿಟ್ಟರೆ ನಾನಿನ್ನೂ ಯಾರಿಗೂ ಬಾಯಿ ಬಿಟ್ಟಿಲ್ಲ.

ಗಂಗಾನಗರದಲ್ಲಿ ನಮ್ಮ ಎದುರುಮನೆ ನಸೀಮಾ ಏರ್‌ಪೋರ್ಟಿಗೆ ಟ್ಯಾಕ್ಸಿ ಓಡಿಸ್ತಾಳೆ. ಹಳೇ ಇಂಜಿನ್ ತೆಗೆಸಿ ಬೇರೆ ಕೂರಿಸಿದ ಮೇಲೆ ಅವಳ ಕಾರು ಹೆಬ್ಬಾಳದ ಜಾಮಲ್ಲಿ ನಿಂತರೆ ಸಾಕು, ಕುದಿಯೋಕೆ ಶುರು. ಯಾರದೋ ವಿಮಾನವೇ ತಪ್ಪಿತು. ಇಷ್ಟು ಒಳ್ಳೇ ಸುದ್ದೀನ ಸುಮ್ಮನೆ ಬಿಡೋಕಾಗುತ್ತಾ? ಬೀದಿಗೆಲ್ಲ ಮುಟ್ಟಿಸಿದೆ. ಅವಳ ಖಾಯಂ ಗಿರಾಕಿಗಳು ಒಬ್ಬೊಬ್ಬರೇ ಬೇರೆ ಕಾರು ಹಿಡಿದರು.

ನಿನ್ನೆ ನೋಡಿದರೆ, ಇಂಜಿನ್ ಚಾಲೂ ಇಟ್ಟು ಕಾರಿನ ಮೂತಿಗೆ ಲೋಬಾನದ ಹೊಗೆ ಹಿಡಿದಿದಾಳೆ! ನನ್ನ ದೃಷ್ಟೀನೇ ತೆಗೀತಿದಾಳೆ ಅಂತ ಮೈಯೆಲ್ಲ ಉರಿದುಹೋಯಿತು. "ಯಾರ ಕಣ್ಣು ಬಿತ್ತು ಅಂತ ಇದೆಲ್ಲ?" ಅಂದೆ.

"ಕಣ್ಣಲ್ಲ ಅಜ್ಜಿ, ಹೊಗೆ ನೋಡಿ. ಇಂಜಿನ್ ತಣಿಸೋ ಫ್ಯಾನು ಅದನ್ನ ಒಳಕ್ಕೆ ಎಳೀಬೇಕು."

ಎಳೆಯೋದೆಲ್ಲಿ, ಹೊಗೆಯೆಲ್ಲ ನನ್ನ ಮುಖಕ್ಕೇ ಬಂತು.

"ಸಿಕ್ತು! ಇಂಜಿನ್ ಕೂರಿಸಿದವರು ಫ್ಯಾನಿನ ವೈರು ಉಲ್ಟಾ ಕೊಟ್ಟಿದಾರೆ. ಓಡುವಾಗ ಗಾಳಿ ಸಿಗುತ್ತೆ, ನಿಂತರೆ ಕುದಿಯುತ್ತೆ."

ಇಂಜಿನ್ ಆರಿಸಿದಳು, ವೈರು ಅದಲುಬದಲು ಮಾಡಿದಳು, ಮತ್ತೆ ಚಾಲೂ ಮಾಡಿ ಹೊಗೆ ಹಿಡಿದಳು. ಸರ್ರನೆ ಒಳಗೆ ಹೋಯಿತು. ಎಂಥ ತಲೆ ಕಣ್ರೀ ಅವಳದು! ನಾವೂ ಪ್ರತಿ ಶುಕ್ರವಾರ ಧೂಪ ಹಾಕ್ತೀವಿ, ಸೊಳ್ಳೆ ಬಿಟ್ಟು ಬೇರೇನೂ ಹೋಗಿಲ್ಲ.

ಹೊಗಳೋಣ ಅಂತಿದ್ದೆ, ಅಷ್ಟರಲ್ಲಿ ಅವಳೇ ಮುಖದ ಮೇಲೆ ಹೇಳಿದಳು: "ಅಜ್ಜಿ, ಕಾರು ಕೆಟ್ಟಿದ್ದನ್ನ ಬೀದಿಗೆಲ್ಲ ಹೇಳಿ ನನ್ನ ಗಿರಾಕಿಗಳನ್ನ ಓಡಿಸಿದ್ರಿ. ಸರಿಯಾಗಿದ್ದನ್ನೂ ಅಷ್ಟೇ ಜೋರಾಗಿ ಹೇಳಿ ವಾಪಸ್ ಕರ್ಕೊಂಡು ಬನ್ನಿ."